ಆ ಕುಪ್ಪಸ ನಮ್ಮದಲ್ಲ

ಹೇಗಿತ್ತು ಅಜ್ಜಿ, ಎಂದು ಕೇಳಿದೆ ನೀನು
ನೆಬಾಹ್‌ನ ಶಾಲೆಯ ಹಾಲಿನಲ್ಲಿ ದೀಪ ಹಾಕಿದ ಕೂಡಲೆ,
ಎಲ್ಲರೂ ಇನ್ನೂ ಮೂಗು ಒರೆಸಿಕೊಳ್ಳುತ್ತಿರುವಾಗ.
ನನಗೆ ನಿಮ್ಮ ಸ್ಪ್ಯಾನಿಷ್ ಅರ್ಧ ಬರುತ್ತದೆ, ಉಳಿದರ್ಧ
ಮೊಮ್ಮಗಳು ಎಲ್ವಿರಾ ಇಶಿಲ್‌ನಲ್ಲಿ ಕಿವಿಗೆ ಹೇಳುತ್ತಿದ್ದಳು.
ಗುಂಡು ಹಾರಿದ ಮೇಲೆ ಅವಳೂ ಸುಮ್ಮನಾದಳು.

ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.
ಆ ಕುಪ್ಪಸ ನಮ್ಮದಲ್ಲ.
ಅದು ಬೆಟ್ಟದಾಚೆಯವರದು.
ನಮ್ಮೂರ ನೇಯ್ಗೆಯಲ್ಲಿ ಹಕ್ಕಿಗಳು ಎದುರುಬದುರು ಕೂತಿರುತ್ತವೆ,
ನಡುವೆ ಒಂದು ಜೋಳದ ಗಿಡ, ಅಂಚಿಗೆ ಹಸಿರು.
ನಿನ್ನ ಸಿನಿಮಾದ ತಾಯಿ ತೊಟ್ಟದ್ದರಲ್ಲಿ
ಎಲ್ಲವೂ ಒಂದೇ ಕಡೆ ಮುಖ ಮಾಡಿವೆ
ಬಸ್ಸಿಗೆ ಕಾಯುವವರ ಹಾಗೆ.

ಜೋಳವೂ ತಪ್ಪು.
ಅವರು ಬಂದಾಗ ತೆನೆಯಲ್ಲಿ ಇನ್ನೂ ಹಾಲಿತ್ತು.
ಒಣಗಿದ ಹೊಲಕ್ಕೆ ಬೆಂಕಿ ಬಿದ್ದರೆ ಚಟಚಟ ಅನ್ನುತ್ತದೆ,
ನಿನ್ನದು ಹಾಗೇ ಅಂದಿತು.
ಹಸಿಯದು ಉರಿಯುವುದಿಲ್ಲ, ಬೇಯುತ್ತದೆ.
ಬೆಂದ ತೆನೆಯ ಘಮ ಕಾಡಿನ ತನಕ ಬಂತು,
ಅಲ್ಲಿ ಅಡಗಿ ಕೂತ ನಮಗೆ ಬಾಯಲ್ಲಿ ನೀರೂರಿತು.
ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮತ್ತೆ ಸೈನಿಕರು. ಅಷ್ಟು ಎತ್ತರ ಇರಲಿಲ್ಲ ಮಗಳೆ.
ನಮ್ಮ ಹುಡುಗರಷ್ಟೇ, ನಮ್ಮದೇ ಬಣ್ಣ,
ಬೂಟು ದೊಡ್ಡದಾಗಿ ಕಾಲೆಳೆಯುತ್ತಿದ್ದರು.
ಒಬ್ಬ ನಮ್ಮ ಮಾತಿನಲ್ಲೇ ನೀರು ಕೇಳಿದ.
ಅಕ್ಕ ಪೆತ್ರೋನಾ ಸೋರೆಬುರುಡೆಯಲ್ಲಿ ಕೊಟ್ಟಳು.
ಕುಡಿದು, ತೊಳೆದು, ಹಿಂದಕ್ಕೆ ಕೊಟ್ಟ.

ನಿನ್ನ ಸಿನಿಮಾದಲ್ಲಿ ಕೂಸು ಅತ್ತಿತು, ಜನ ಉಸಿರು ಹಿಡಿದರು.
ನಮ್ಮ ದಿಯೇಗೋ ಅಳಲಿಲ್ಲ.
ಎರಡು ತಿಂಗಳ ಕೂಸು, ಹನ್ನೊಂದು ದಿನ ಕಾಡಿನಲ್ಲಿ,
ಯಾರೂ ಹೇಳಿಕೊಟ್ಟದ್ದಲ್ಲ.
ಈಗ ನಲವತ್ತು ದಾಟಿದೆ, ಲಾರಿ ಓಡಿಸುತ್ತಾನೆ,
ಅಪ್ಪ ಹಸಿಂತೋನನ್ನು ಮಣ್ಣು ಮಾಡಿದ ದಿನವೂ
ಗುದ್ದಲಿ ತೊಳೆದಿಟ್ಟು ಕೆಲಸಕ್ಕೆ ಹೋದ.
ಅಳದೆ ಇರುವುದನ್ನು ಕ್ಯಾಮೆರಾದಲ್ಲಿ ಹೇಗೆ ಹಿಡಿಯುತ್ತಾರೋ,
ನನಗೆ ಗೊತ್ತಿಲ್ಲ.

ಒಂದು ಮಾತ್ರ ಸರಿಯಾಗಿದೆ.
ಮನೆಗೆ ಬೆಂಕಿ ಇಡುವ ಮೊದಲು ಆ ಹುಡುಗ
ಹೆಂಚಿನ ಮೇಲಿದ್ದ ರೊಟ್ಟಿ ಎತ್ತಿಕೊಂಡು
ಈ ಕೈಯಿಂದ ಆ ಕೈಗೆ ಹಾಕಿಕೊಳ್ಳುತ್ತ ಊದಿದ್ದು.
ಅದು ಹೇಗೆ ಗೊತ್ತಾಯಿತು ನಿನಗೆ?
ನೀನು ಹುಟ್ಟಿಯೇ ಇರಲಿಲ್ಲ.
ಹಾಗೇ ಊದಿದ, ಹಾಗೇ,
ಬಾಯಿ ಸುಟ್ಟೀತು ಅಂತ.
ಆಗ ಮುಂದಿನ ಸಾಲಿನಲ್ಲಿ ಒಬ್ಬ ತಲೆ ತಗ್ಗಿಸಿದ.
ಹೆಸರು ಹೇಳುವುದಿಲ್ಲ. ಭಾನುವಾರ ಸಂತೆ ಮುಗಿಸಿ
ಅವನ ಅಂಗಡಿಯಲ್ಲೇ ಉಪ್ಪು ಕೊಳ್ಳುತ್ತೇನೆ.

ಕುಪ್ಪಸದ ಮಾತು ಯಾಕೆ ಎತ್ತಿದೆ ಅಂದರೆ—
ಇಪ್ಪತ್ತೊಂದು ವರ್ಷದ ಮೇಲೆ ಗುಂಡಿ ತೆಗೆಸಿದರು.
ನಗರದಿಂದ ಬಂದ ಹುಡುಗರು ಮೊಣಕಾಲೂರಿ
ಬ್ರಷ್ಷಿನಿಂದ ಮಣ್ಣು ಸರಿಸುತ್ತಿದ್ದರು.
ಮುಖ ಇರಲಿಲ್ಲ. ಹಲ್ಲು ಎಲ್ಲರವೂ ಒಂದೇ.
ನೂಲು ಇತ್ತು.
ಎಡ ಭುಜದ ಮೂರನೇ ಹಕ್ಕಿಗೆ ಒಂದೇ ಕಾಲು.
ಆವತ್ತು ನನ್ನ ಹತ್ತಿರ ಕೆಂಪು ಮುಗಿದಿತ್ತು.
ಅಕ್ಕ ನಕ್ಕಿದ್ದಳು: ಕುಂಟಲಿ ಬಿಡೆ,
ಅದು ಎಲ್ಲಿಗೆ ಹೋಗಬೇಕಿದೆ.

ಹೊರಗೆ ಬಂದರೆ ನಿನ್ನ ನಟಿ ಬಾಗಿಲ ಬಳಿ ನಿಂತು
ಕಾಗದದ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಿದ್ದಳು.
ಬದುಕಿದ್ದಾಳಲ್ಲ ಎಂದು ಒಂದು ಗಳಿಗೆ ಸಿಟ್ಟು ಬಂತು.
ಅವಳೇ ನನಗೂ ಒಂದು ಹಿಡಿ ಕೊಟ್ಟಳು.
ತಿಂದೆ.

ಇನ್ನೊಮ್ಮೆ ತೆಗೆಯುವುದಿದ್ದರೆ
ಅವಳ ಭುಜದ ಅಳತೆ ಕಳಿಸು.
ನಾಲ್ಕು ತಿಂಗಳು ಬೇಕು, ಕಣ್ಣು ಮೊದಲಿನ ಹಾಗಿಲ್ಲ,
ಸೊಂಟಕ್ಕೆ ಮಗ್ಗ ಕಟ್ಟಿ ಕೂತರೆ ಏಳಲು ಎಲ್ವಿರಾ ಬರಬೇಕು.
ಈ ಸಲ ಕೆಂಪು ನೂಲು ಜಾಸ್ತಿಯೇ ತರಿಸುತ್ತೇನೆ.
ಆದರೂ ಆ ಹಕ್ಕಿಗೆ ಒಂದೇ ಕಾಲು.